ವಿಲ್ ಬರೆಯದೆ ಹೋದವರ ತೋಟ ಯಾರಿಗೆ? ಕೊಡಗಿನವರಿಗೊಂದು ದಾರಿ

ನಮ್ಮ ಚಿಕ್ಕಪ್ಪ ತೀರಿಕೊಂಡದ್ದು ಕಕ್ಕಡದ ಮಳೆಯಲ್ಲಿ. ಹನ್ನೊಂದನೇ ದಿನದ ಮಾದ ಮುಗಿದ ಮೇಲೆ ಅಟ್ಟದಿಂದ ಅವರ ತಗಡಿನ ಟ್ರಂಕ್ ಇಳಿಸಿದೆವು. ಮುಚ್ಚಳ ತೆಗೆದರೆ ಕರಿಮೆಣಸಿನ ಘಾಟು. ಬಾಳೆನಾರಿನಲ್ಲಿ ಕಟ್ಟಿಟ್ಟ ಕಂದಾಯದ ರಸೀದಿಗಳು, ಮಡಿಕೆಯಲ್ಲೇ ಹರಿದ ಒಂದು ಕ್ರಯಪತ್ರ, ಸಹಕಾರ ಸಂಘದ ಪಾಸ್‌ಬುಕ್, ಎರಡು ಎಲ್‌ಐಸಿ ಬಾಂಡ್. ವಿಲ್ ಇರಲಿಲ್ಲ. ಅವರಿಗೆ ಮದುವೆ ಆಗಿರಲಿಲ್ಲ. ನನ್ನ ಅಪ್ಪ, ಅಂದರೆ ಅವರ ಅಣ್ಣ, ಮೊದಲೇ ಹೋಗಿದ್ದರು. ಅವರ ಅಕ್ಕತಂಗಿಯರು, ಅಂದರೆ ನನ್ನ ಇಬ್ಬರು ಅತ್ತೆಯಂದಿರು, ಇದ್ದಾರೆ.

ಚಿಕ್ಕಪ್ಪನ ತೋಟವನ್ನು ಹದಿನಾಲ್ಕು ವರ್ಷ ನೋಡಿಕೊಂಡದ್ದು ನಾನು. ಕಾಂಡಕೊರಕ ಹಿಡಿದ ಅರೇಬಿಕಾ ಗಿಡ ಕಿತ್ತು ಸುಟ್ಟದ್ದು, ಮೆಣಸು ಕುಯ್ಯಿಸಿದ್ದು, ಮಳೆಗಾಲಕ್ಕೆ ಮೊದಲು ಮರಗಸಿ ಮಾಡಿಸಿದ್ದು ಎಲ್ಲ ನಾನೇ. ಆದರೂ ಅವರು ದುಡ್ಡು ಕೊಟ್ಟು ತೆಗೆದಿದ್ದ ತೋಟದಲ್ಲಿ ಕಾನೂನಿನ ಪ್ರಕಾರ ನನಗೆ ಬಂದ ಪಾಲು ಸೊನ್ನೆ. ಯಾಕೆ ಅಂತ ಮುಂದೆ ಹೇಳುತ್ತೇನೆ. ಆ ಒಂದೂವರೆ ವರ್ಷ ನಾಡಕಚೇರಿ, ತಾಲ್ಲೂಕು ಕಚೇರಿ, ಬ್ಯಾಂಕ್ ಅಂತ ಸುತ್ತಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಜಗಳ ಇದ್ದರೆ ವಕೀಲರು ಬೇಕೇ ಬೇಕು. ಜಗಳ ಇಲ್ಲದಿದ್ದರೆ ಮುಕ್ಕಾಲು ಪಾಲು ಕೆಲಸ ನೀವೇ ಮಾಡಿಕೊಳ್ಳಬಹುದು.

ಮೊದಲು ಮರಣ ಪ್ರಮಾಣಪತ್ರ

ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ಆಸ್ಪತ್ರೆಯಲ್ಲಿ ತೀರಿಕೊಂಡರೆ ಅವರೇ ವರದಿ ಕಳಿಸುತ್ತಾರೆ. ಮನೆಯಲ್ಲಾದರೆ ನಾವೇ ತಿಳಿಸಬೇಕು. ಒಂದು ವರ್ಷ ದಾಟಿತೋ, ಅಧಿಕಾರಿಯ ಆದೇಶ ತರುವವರೆಗೆ ಪತ್ರ ಸಿಗುವುದಿಲ್ಲ.

ಬರೆಸುವಾಗ ಹೆಸರಿನ ಮೇಲೆ ಕಣ್ಣಿಡಿ. ನಮ್ಮ ಕಡೆ ಇದೇ ದೊಡ್ಡ ತಲೆನೋವು. ಪಹಣಿಯಲ್ಲಿ ಮನೆಹೆಸರು ಮುಂದೆ, ಆಧಾರ್‌ನಲ್ಲಿ ಹಿಂದೆ, ಬ್ಯಾಂಕಿನಲ್ಲಿ ಬರೀ ಇನಿಶಿಯಲ್. ಹಳೇ ಪಹಣಿಯಲ್ಲಿ ಪೊನ್ನಪ್ಪ ಅಂತಿದ್ದರೆ ಪಾಸ್‌ಬುಕ್‌ನಲ್ಲಿ ಪೊನ್ನು. ನಮ್ಮ ಫೈಲು ಒಂದು ಕಚೇರಿಯಿಂದ ಮೂರು ಸಲ ವಾಪಸ್ ಬಂತು. ಕಾರಣ ಒಂದೇ ಒಂದು ಇನಿಶಿಯಲ್. ಮೊದಲ ಸಲವೇ ಹೇಳಿದ್ದರೆ ಆಗುತ್ತಿತ್ತು, ಮೂರನೇ ಸಲ ಹೇಳಿದರು. ಹಾಗಾಗಿ ಪಹಣಿ ಮತ್ತು ಆಧಾರ್ ಎರಡನ್ನೂ ಕೈಯಲ್ಲಿ ಹಿಡಿದೇ ಮರಣದ ವಿವರ ಬರೆಸಿ. ಹೆಸರು ಹೊಂದದಿದ್ದರೆ ಇಬ್ಬರೂ ಒಬ್ಬರೇ ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಿ ಇಟ್ಟುಕೊಳ್ಳಿ. ಪ್ರಮಾಣಪತ್ರದ ಏಳೆಂಟು ಪ್ರತಿ ತೆಗೆಸಿ. ಎಲ್ಲ ಕಡೆ ಮೂಲಪ್ರತಿ ಕೇಳುತ್ತಾರೆ.

ಜಾಗ ಎಲ್ಲಿಂದ ಬಂತು ನೋಡಿ

ಎಲ್ಲರೂ ಮೊದಲು ಕೇಳುವುದು ‘ಯಾರಿಗೆ ಎಷ್ಟು?’ ಅಂತ. ಅದು ಎರಡನೇ ಪ್ರಶ್ನೆ. ಮೊದಲು ಕೇಳಬೇಕಾದ್ದು ‘ಈ ಜಾಗ ಸತ್ತವರಿಗೆ ಹೇಗೆ ಬಂತು?’ ಎಂದು. ಟ್ರಂಕಿನ ಕಾಗದಗಳನ್ನು ಜಗಲಿಯಲ್ಲಿ ಹರಡಿ ಮೂರು ಗುಡ್ಡೆ ಮಾಡಿ.

ಒಂದನೇ ಗುಡ್ಡೆ, ಅವರೇ ಕ್ರಯಕ್ಕೆ ತೆಗೆದದ್ದು ಅಥವಾ ಅವರ ಹೆಸರಿಗೇ ಮಂಜೂರಾದದ್ದು. ಇದು ಸ್ವಯಾರ್ಜಿತ. ಇದರ ಲೆಕ್ಕ ಸುಲಭ.

ಎರಡನೇ ಗುಡ್ಡೆ, ಒಕ್ಕದ ಜಮ್ಮಾ, ಅಂದರೆ ಇಡೀ ಮನೆತನಕ್ಕೆ ತಲೆಮಾರಿನಿಂದ ಬಂದ ಜಾಗ. ಗದ್ದೆ, ಅದಕ್ಕೆ ಸೇರಿದ ಬಾಣೆ ಎಂಬ ಮರಗಾಡಿನ ಜಾಗ. ಪಹಣಿ ತೆಗೆದು ನೋಡಿದರೆ ಪಟ್ಟೇದಾರರ ಹೆಸರಿರುತ್ತದೆ. ಅವರು ನಿಮ್ಮ ಮುತ್ತಜ್ಜನ ಅಣ್ಣನೂ ಆಗಿರಬಹುದು. ಆ ಪುಣ್ಯಾತ್ಮ ಹೋಗಿ ಎಷ್ಟೋ ದಶಕ ಕಳೆದಿರುತ್ತದೆ. ಪಟ್ಟೇದಾರ ಅಂದರೆ ಒಕ್ಕದ ಪರವಾಗಿ ಕಂದಾಯ ಕಟ್ಟುವ ಹಿರಿಯ. ಇಡೀ ಜಾಗದ ಒಡೆಯ ಅಲ್ಲ. ಹೀಗಾಗಿ ಪಟ್ಟೇದಾರರು ಸತ್ತರೆ ಪೂರ್ತಿ ಜಮ್ಮಾ ಅವರ ಮಕ್ಕಳಿಗೆ ಹೋಗುವುದಿಲ್ಲ. ಒಕ್ಕದ ಜಾಗದಲ್ಲಿ ಅವರಿಗೆ ಎಷ್ಟು ಭಾಗ ಇತ್ತೋ ಅಷ್ಟು ಮಾತ್ರ ಅವರ ವಾರಸುದಾರರಿಗೆ.

ಹಿಂದೆ ಜಮ್ಮಾವನ್ನು ಪಾಲು ಮಾಡಬಾರದು, ಹೆಣ್ಣುಮಕ್ಕಳು ಮದುವೆಯಾಗಿ ಬೇರೆ ಒಕ್ಕ ಸೇರಿದ ಮೇಲೆ ಇಲ್ಲಿ ಹಕ್ಕಿಲ್ಲ ಎಂಬ ಪದ್ಧತಿ ಇತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ, ಆ ಕಾಯ್ದೆ ಹೇಳುವ ವಿಷಯದಲ್ಲಿ ಹಳೆ ಪದ್ಧತಿ ನಿಲ್ಲುವುದಿಲ್ಲ. ಕೊಡವರು, ಅರೆಭಾಷೆ ಗೌಡರು ಎಲ್ಲರೂ ಇದೇ ಕಾಯ್ದೆಯ ಕೆಳಗೆ ಬರುತ್ತಾರೆ. 9 ಸೆಪ್ಟೆಂಬರ್ 2005ರ ತಿದ್ದುಪಡಿಯಿಂದ ಅವಿಭಕ್ತ ಆಸ್ತಿಯಲ್ಲಿ ಮಗಳೂ ಮಗನ ಹಾಗೆ ಹುಟ್ಟಿನಿಂದಲೇ ಪಾಲುದಾರಳು. ಆ ದಿನ ತಂದೆ ಬದುಕಿರಲೇಬೇಕು ಅಂತಿಲ್ಲ ಎಂದು ಸುಪ್ರೀಂ ಕೋರ್ಟ್ 11 ಆಗಸ್ಟ್ 2020ರಂದು ಹೇಳಿದೆ. ಒಕ್ಕದ ಹಿರಿಯರ ಮುಂದೆ ಕೂತು ಇದನ್ನು ಹೇಳುವುದು ಸುಲಭ ಅಲ್ಲ, ಗೊತ್ತು. ಆದರೆ ಹೇಳದೆ ಬಿಟ್ಟರೆ ಮುಂದೆ ನೋಟಿಸ್ ಮೂಲಕ ಗೊತ್ತಾಗುತ್ತದೆ, ಅದು ಇನ್ನೂ ಕಷ್ಟ.

‘ನಮ್ಮಲ್ಲಿ ಪಾಲು ಯಾವತ್ತೋ ಆಗಿದೆ’ ಎಂಬ ಮಾತು ಎಲ್ಲ ಮನೆಯಲ್ಲೂ ಬರುತ್ತದೆ. 20 ಡಿಸೆಂಬರ್ 2004ಕ್ಕೆ ಮೊದಲು ಆದ ಪಾಲನ್ನು ಈ ತಿದ್ದುಪಡಿ ಕೆದಕುವುದಿಲ್ಲ, ನಿಜ. ಆದರೆ ಅದು ನೋಂದಣಿ ಆಗಿರಬೇಕು ಅಥವಾ ಕೋರ್ಟಿನ ಡಿಕ್ರಿ ಇರಬೇಕು. ಬಾಯಿಮಾತಿನ ಪಾಲನ್ನು ಕೋರ್ಟ್ ಒಪ್ಪುವುದು ಬಹಳ ಅಪರೂಪ. ಅದಕ್ಕೂ ಸರ್ಕಾರಿ ದಾಖಲೆಯ ಬೆಂಬಲ ಬೇಕು.

ಮೂರನೇ ಗುಡ್ಡೆ ಹೆಂಗಸರ ಆಸ್ತಿ. ಅದರ ದಾರಿಯೇ ಬೇರೆ, ಕೆಳಗೆ ಬರೆದಿದ್ದೇನೆ.

ಗುಡ್ಡೆ ಮಾಡುವಾಗ ಇನ್ನೊಂದು ಪದ ಹುಡುಕಿ. ರಿಡೀಮ್ಡ್ (ಮರದ ಬೆಲೆ ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಂಡದ್ದು) ಅಥವಾ ಅನ್‌ರಿಡೀಮ್ಡ್ (ಕಟ್ಟದೆ ಉಳಿದದ್ದು). ಅನ್‌ರಿಡೀಮ್ಡ್ ಜಾಗವಾದರೆ ಅಲ್ಲಿನ ಮರದ ಬೆಲೆಯಲ್ಲಿ ಸರ್ಕಾರಕ್ಕೆ ಹಕ್ಕಿದೆ. ‘ಬೀಟೆ ಮರ ನನಗೆ, ಗದ್ದೆ ನಿನಗೆ’ ಅಂತ ಅಣ್ಣತಮ್ಮ ಒಪ್ಪಂದ ಮಾಡಿಕೊಂಡು ಆಮೇಲೆ ಬೀಟೆ ತಮ್ಮದೇ ಅಲ್ಲ ಅಂತ ತಿಳಿದವರಿದ್ದಾರೆ.

ಯಾರಿಗೆ ಎಷ್ಟು

ಹಿಂದೂ ಗಂಡಸು ವಿಲ್ ಇಲ್ಲದೆ ಸತ್ತರೆ ಮೊದಲ ವರ್ಗದ ವಾರಸುದಾರರಿಗೆ ಒಟ್ಟಿಗೆ, ಸಮಪಾಲು. ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ. ತಾಯಿಗೆ ಉಂಟು, ತಂದೆಗೆ ಇಲ್ಲ. ತಂದೆ ಎರಡನೇ ವರ್ಗ. ಮಗ ಮೊದಲೇ ತೀರಿಕೊಂಡಿದ್ದರೆ ಅವನ ಪಾಲು ಅವನ ಹೆಂಡತಿ ಮಕ್ಕಳಿಗೆ. ಮಗಳು ಮೊದಲೇ ತೀರಿಕೊಂಡಿದ್ದರೆ ಅವಳ ಮಕ್ಕಳಿಗೆ. ಅಂದರೆ ಸೊಸೆಗೆ ಬರುತ್ತದೆ, ಅಳಿಯನಿಗೆ ಬರುವುದಿಲ್ಲ.

ಒಂದು ಲೆಕ್ಕ ಮಾಡೋಣ. ಒಬ್ಬರು ಕ್ರಯಕ್ಕೆ ತೆಗೆದ 5 ಎಕರೆ ಕಾಫಿ ತೋಟ. ಅವರ ಹಿಂದೆ ಹೆಂಡತಿ, ವಯಸ್ಸಾದ ತಾಯಿ, ಇಬ್ಬರು ಹೆಣ್ಣುಮಕ್ಕಳು, ಒಬ್ಬ ಮಗ. ಐದು ಜನ, ತಲಾ ಒಂದು ಎಕರೆ. ಇಷ್ಟೇನಾ ಅಂತ ಅನ್ನಿಸುತ್ತದೆ ಅಲ್ವಾ? ಯಾರೂ ಕಚೇರಿ ಕಡೆ ಹೋಗಲಿಲ್ಲ ಅಂತ ಇಟ್ಟುಕೊಳ್ಳಿ. ಎರಡು ವರ್ಷ ಬಿಟ್ಟು ಅಜ್ಜಿ ಹೋದರು, ಅವರೂ ವಿಲ್ ಬರೆದಿಲ್ಲ. ಅಜ್ಜ ಮೊದಲೇ ಇಲ್ಲ. ಈಗ ಅಜ್ಜಿಯ ಒಂದು ಎಕರೆ ಅವರ ಎಲ್ಲ ಮಕ್ಕಳಿಗೆ. ತೀರಿಕೊಂಡ ಈ ಮಗನಲ್ಲದೆ ಅಜ್ಜಿಗೆ ಇನ್ನೂ ಮೂರು ಮಕ್ಕಳಿದ್ದರೆ ನಾಲ್ಕು ಕವಲಿಗೆ 25 ಸೆಂಟಿನಂತೆ. ಚಿಕ್ಕಪ್ಪ, ಇಬ್ಬರು ಅತ್ತೆಯರು ನಿಮ್ಮ ತೋಟದೊಳಗೆ ಕಾನೂನುಬದ್ಧವಾಗಿ ಬಂದಾಯಿತು. ಅವರಲ್ಲೊಬ್ಬರು ಹೋದರೆ ಅವರ ಮನೆಯವರು. ಪ್ರತಿ ಸಾವಿಗೂ ಸಹಿಗಳು ಜಾಸ್ತಿಯಾಗುತ್ತವೆ. ಇದೊಂದು ವಿಷಯ ನೆನಪಿಟ್ಟರೆ ಸಾಕು, ‘ವರ್ಷಾಂತಿಕ ಆಗಲಿ, ಆಮೇಲೆ ನೋಡೋಣ’ ಅಂತ ನೀವು ಹೇಳುವುದಿಲ್ಲ.

ಈಗ ನನ್ನ ಸೊನ್ನೆಯ ಕಥೆ. ಚಿಕ್ಕಪ್ಪನಿಗೆ ಮೊದಲ ವರ್ಗದವರು ಯಾರೂ ಇರಲಿಲ್ಲ. ಎರಡನೇ ವರ್ಗದಲ್ಲಿ ಸಾಲುಗಳಿವೆ. ಮೊದಲ ಸಾಲು ತಂದೆ. ಅವರಿಲ್ಲದಿದ್ದರೆ ಎರಡನೇ ಸಾಲು, ಅದರಲ್ಲಿ ಅಣ್ಣತಮ್ಮ, ಅಕ್ಕತಂಗಿ ಬರುತ್ತಾರೆ. ಅಣ್ಣನ ಮಕ್ಕಳು ಬರುವುದು ನಾಲ್ಕನೇ ಸಾಲಿನಲ್ಲಿ. ಮೇಲಿನ ಸಾಲಿನಲ್ಲಿ ಒಬ್ಬರೇ ಬದುಕಿದ್ದರೂ ಕೆಳಗಿನ ಸಾಲಿಗೆ ಏನೂ ಇಲ್ಲ. ಸತ್ತ ಅಣ್ಣನ ಜಾಗದಲ್ಲಿ ಅವನ ಮಕ್ಕಳು ನಿಲ್ಲುತ್ತಾರೆ ಎಂಬ ನಿಯಮ ಇಲ್ಲಿ ನಡೆಯುವುದಿಲ್ಲ. ಹೀಗೆ ತೋಟ ಪೂರ್ತಿ ಅತ್ತೆಯಂದಿರಿಗೆ ಹೋಯಿತು. ಒಕ್ಕದ ಜಮ್ಮಾದಲ್ಲಿ ನನ್ನ ಸ್ವಂತ ಹಕ್ಕು ಇದ್ದೇ ಇದೆ, ಅದು ಬೇರೆ. ಆದರೆ ಚಿಕ್ಕಪ್ಪನ ಭಾಗ ಅಲ್ಲಿಯೂ ಅತ್ತೆಯಂದಿರಿಗೇ. ಯಾರು ದುಡಿದರು ಎಂಬುದನ್ನು ಕಾಯ್ದೆ ಕೇಳುವುದೇ ಇಲ್ಲ.

ಹೆಂಗಸು ವಿಲ್ ಇಲ್ಲದೆ ಸತ್ತರೆ ಮೊದಲು ಮಕ್ಕಳು ಮತ್ತು ಗಂಡ. ಅವರಿಲ್ಲದಿದ್ದರೆ ಗಂಡನ ವಾರಸುದಾರರು. ಅವರೂ ಇಲ್ಲದಿದ್ದರೆ ಮಾತ್ರ ಹೆತ್ತವರು. ಸ್ವಂತ ಸಂಬಳದಲ್ಲಿ ಸೈಟು ಕೊಂಡ ವಿಧವೆಗೆ ಮಕ್ಕಳಿಲ್ಲದಿದ್ದರೆ ಅದು ತಾಯಿಗಲ್ಲ, ಗಂಡನ ಕಡೆಯವರಿಗೆ. ಅನ್ಯಾಯ ಅಂತ ನನಗೂ ಅನ್ನಿಸುತ್ತದೆ, ಆದರೆ ಕಾಯ್ದೆ ಹಾಗಿದೆ. ತವರಿನಿಂದ ವಾರಸಾಗಿ ಬಂದ ಜಾಗಕ್ಕೆ ಮಾತ್ರ ವಿನಾಯಿತಿ. ಮಕ್ಕಳಿಲ್ಲದಿದ್ದರೆ ಅದು ತಂದೆಯ ವಾರಸುದಾರರಿಗೆ ಹಿಂತಿರುಗುತ್ತದೆ.

ಎರಡನೇ ಸಂಸಾರ ಇದ್ದ ಮನೆಯವರಿಗೆ ಒಂದು ಮಾತು. ಆ ಮದುವೆ ಅಸಿಂಧುವಾದರೂ ಹುಟ್ಟಿದ ಮಕ್ಕಳಿಗೆ ತಂದೆಯ ಪಾಲಿನಲ್ಲಿ ಹಕ್ಕಿದೆ. 2023ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. ವಂಶವೃಕ್ಷದಲ್ಲಿ ಅವರನ್ನು ಬಿಟ್ಟು ಬರೆಸುವ ಉಪಾಯ ಬೇಡ.

ಈ ಪಾಲಿನ ಲೆಕ್ಕ ಕ್ರೈಸ್ತರಿಗೆ, ಮುಸ್ಲಿಮರಿಗೆ ಹೊಂದುವುದಿಲ್ಲ. ಜೇನುಕುರುಬ, ಯರವರಂಥ ಪರಿಶಿಷ್ಟ ಪಂಗಡದವರಿಗೂ ಈ ಕಾಯ್ದೆ ನೇರವಾಗಿ ಅನ್ವಯಿಸುವುದಿಲ್ಲ. ಕಚೇರಿಯ ಹೆಜ್ಜೆಗಳು ಮಾತ್ರ ಎಲ್ಲರಿಗೂ ಹೆಚ್ಚುಕಡಿಮೆ ಇವೇ.

ವಂಶವೃಕ್ಷ

ನಿಮ್ಮ ಹೋಬಳಿಯ ನಾಡಕಚೇರಿಗೆ ಅರ್ಜಿ. ನಾಪೋಕ್ಲು, ಅಮ್ಮತ್ತಿ, ಸುಂಟಿಕೊಪ್ಪ, ಶ್ರೀಮಂಗಲ, ಎಲ್ಲಿ ಜಾಗ ಇದೆಯೋ ಅಲ್ಲಿ. ಮರಣ ಪ್ರಮಾಣಪತ್ರ, ಆಧಾರ್, ರೇಷನ್ ಕಾರ್ಡ್, ವಂಶಾವಳಿ ಬರೆದ ಅಫಿಡವಿಟ್ ಬೇಕು. ಗ್ರಾಮ ಆಡಳಿತ ಅಧಿಕಾರಿ, ಅಂದರೆ ನಾವು ಈಗಲೂ ಶಾನುಭೋಗರು ಅನ್ನುವವರು, ಬಂದು ಅಕ್ಕಪಕ್ಕದವರನ್ನು ಕೇಳಿ ಮಹಜರು ಬರೆಯುತ್ತಾರೆ.

ಒಂದು ತಲೆಮಾರಿನ ವಂಶವೃಕ್ಷ ಸುಲಭ. ಜಮ್ಮಾಕ್ಕೆ ಪಹಣಿಯಲ್ಲಿರುವ ಪಟ್ಟೇದಾರರಿಂದ ಶುರುಮಾಡಿ ಇವತ್ತಿನವರೆಗೆ ಇಳಿಸಬೇಕು. ಮೂರು ನಾಲ್ಕು ತಲೆಮಾರು. ನಡುವೆ ಯಾರು ಯಾವಾಗ ಹೋದರು ಅಂತ ಕಾಗದ ಇರುವುದಿಲ್ಲ. ನಾವು ಮಾಡಿದ್ದು ಇಷ್ಟು. ದೊಡ್ಡ ಚಾರ್ಟ್ ಹಾಳೆ ತಂದು ಐನ್‌ಮನೆಯ, ಅಂದರೆ ಒಕ್ಕದ ಮೂಲಮನೆಯ, ಜಗಲಿಯಲ್ಲಿ ಹಾಸಿ, ಎಂಬತ್ತು ದಾಟಿದ ದೊಡ್ಡಮ್ಮನನ್ನು ಕೂರಿಸಿ ಪೆನ್ಸಿಲಿನಲ್ಲಿ ಬರೆದೆವು. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಗಂಡಸರಿಗೆ ನೆನಪಾಗಲಿಲ್ಲ. ದೊಡ್ಡಮ್ಮನಿಗೆ ಎಲ್ಲರದೂ ಗೊತ್ತಿತ್ತು, ಯಾವ ಒಕ್ಕಕ್ಕೆ ಹೋದರು ಎಂಬುದೂ. ಅಂಥ ದೊಡ್ಡಮ್ಮ ನಿಮ್ಮ ಮನೆಯಲ್ಲಿದ್ದರೆ ಈ ವಾರವೇ ಕೂತು ಬರೆದುಕೊಳ್ಳಿ.

ಸಹಿಗೆ ಸುಗ್ಗಿಹಬ್ಬ ಹುತ್ತರಿ ಒಳ್ಳೆ ಸಮಯ. ಬೆಂಗಳೂರು, ಮೈಸೂರಿನವರೆಲ್ಲ ಕದಿರು ತೆಗೆಯಲು ಬಂದಿರುತ್ತಾರೆ. ಮಾರನೇ ದಿನ ಬೆಳಗ್ಗೆ ಕಾಗದ ತೆಗೆಯಿರಿ. ರಾತ್ರಿ ಬೇಡ, ಕಾರಣ ಹೇಳಬೇಕಾಗಿಲ್ಲ.

ಪೌತಿ ಖಾತೆ

ವಂಶವೃಕ್ಷ ಕೈಗೆ ಬಂದ ಮೇಲೆ ಪೌತಿ ಖಾತೆಗೆ, ಅಂದರೆ ಸತ್ತವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾಯಿಸುವುದಕ್ಕೆ, ಅರ್ಜಿ. ನಾಡಕಚೇರಿಯಲ್ಲೇ ಕೊಡಬಹುದು. ಮೂರು ತಿಂಗಳೊಳಗೆ ತಿಳಿಸಬೇಕು ಅಂತ ಕಂದಾಯ ಕಾಯ್ದೆಯಲ್ಲಿದೆ. ತಡವಾದರೆ ಹಕ್ಕೇನೂ ಹೋಗುವುದಿಲ್ಲ, ಹೆದರಬೇಡಿ. ಅರ್ಜಿ ಬಿದ್ದ ಮೇಲೆ ನೋಟಿಸ್ ಹಾಕಿ ತಕರಾರಿಗೆ ಕೆಲವು ದಿನ ಕಾಯುತ್ತಾರೆ. ತಕರಾರು ಬರದಿದ್ದರೆ ಕಂದಾಯ ನಿರೀಕ್ಷಕರು ಮಂಜೂರು ಮಾಡುತ್ತಾರೆ, ಪಹಣಿಯಲ್ಲಿ ಹೆಸರು ಬರುತ್ತದೆ. ತಕರಾರು ಬಂದರೆ ತಾಲ್ಲೂಕು ಕಚೇರಿಯಲ್ಲಿ ವಿಚಾರಣೆ. ಆ ಆದೇಶ ಒಪ್ಪಿಗೆ ಆಗದಿದ್ದರೆ 60 ದಿನದೊಳಗೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ. ನಮಗೆ ಅದು ಮಡಿಕೇರಿ.

ಇಲ್ಲಿ ಎರಡು ತಪ್ಪು ಆಗುತ್ತವೆ. ಒಂದು, ‘ಸದ್ಯಕ್ಕೆ ಅಣ್ಣನ ಹೆಸರಿಗೆ ಮಾಡಿಬಿಡೋಣ’ ಎಂಬುದು. ಬೇಡ. ಎಲ್ಲ ವಾರಸುದಾರರ ಹೆಸರಲ್ಲಿ ಜಂಟಿ ಖಾತೆ ಮಾಡಿಸಿ. ಇನ್ನೊಂದು, ಖಾತೆ ಬಂತೆಂದರೆ ಮಾಲೀಕ ಆದೆ ಎಂದುಕೊಳ್ಳುವುದು. ಖಾತೆ ಕಂದಾಯ ಕಟ್ಟುವುದಕ್ಕೆ. ಮಾಲೀಕತ್ವ ಬರುವುದು ವಾರಸು ಕಾಯ್ದೆಯಿಂದ ಅಥವಾ ನೋಂದಣಿಯಾದ ಪತ್ರದಿಂದ. ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಮತ್ತೆ ಹೇಳಿದೆ. ಅಣ್ಣನ ಹೆಸರಿನ ಖಾತೆ ನೋಡಿ ತಂಗಿ ಹೆದರಬೇಕಾಗಿಲ್ಲ, ಅಣ್ಣ ಬೀಗಬೇಕಾಗಿಯೂ ಇಲ್ಲ.

ಪಾಲು, ಬಿಡುಗಡೆ, ದಾನ

ಎಲ್ಲರೂ ಒಪ್ಪಿದರೆ ಪಾಲುಪತ್ರ ಬರೆಸಿ ಸಬ್ ರಿಜಿಸ್ಟ್ರಾರ್ ಬಳಿ ನೋಂದಾಯಿಸಿ. ಅದಕ್ಕೆ ಮೊದಲು ಸರ್ವೆ ಮಾಡಿಸಿ, ಯಾರ ತುಂಡು ಎಲ್ಲಿ ಎಂದು ತೋರಿಸುವ 11ಇ ನಕ್ಷೆ ತರಬೇಕು. ತೋಟ ಪಾಲು ಮಾಡುವಾಗ ಎಕರೆ ಮಾತ್ರ ನೋಡಬೇಡಿ. ಕೆರೆ ಯಾರ ಕಡೆ, ಪಂಪ್‌ಸೆಟ್ ಯಾರದು, ಜೀಪು ಹೋಗುವ ದಾರಿ ಯಾರ ಪಾಲಿನೊಳಗೆ ಹಾಯುತ್ತದೆ, ಕಣ ಎಲ್ಲಿ, ಕೆಲಸದವರ ಲೈನ್‌ಮನೆ ಎಲ್ಲಿ ಎಂಬುದನ್ನು ಪತ್ರದಲ್ಲೇ ಬರೆಸಿ. ನಾನು ನೋಡಿದ ಜಗಳಗಳಲ್ಲಿ ಅರ್ಧಕ್ಕರ್ಧ ದಾರಿಯದ್ದು. ಐನ್‌ಮನೆ, ಹಿರಿಯರ ಗುಡಿಯಾದ ಕೈಮಡ, ಒಕ್ಕದ ಸ್ಮಶಾನ ಇವನ್ನು ಪಾಲಿಗೆ ತರದೆ ಎಲ್ಲರಿಗೂ ಸೇರಿದ್ದು ಅಂತ ಬರೆದು ಬಿಡುವುದು ಒಳ್ಳೆಯದು.

ಯಾರಾದರೂ ತಮ್ಮ ಪಾಲು ಬೇಡ ಎಂದರೆ ಹಕ್ಕು ಬಿಡುಗಡೆ ಪತ್ರ. ಇದೂ ನೋಂದಣಿ ಆಗಬೇಕು. ಬಿಳಿ ಹಾಳೆಯಲ್ಲಿ ‘ನನಗೆ ಬೇಡ’ ಎಂದು ಬರೆದು ಸಹಿ ಹಾಕಿದರೆ ಅದಕ್ಕೆ ಬೆಲೆಯಿಲ್ಲ. ಬಿಡುಗಡೆ ಮಾಡುವುದು ಅದೇ ಜಾಗದ ಇನ್ನೊಬ್ಬ ಪಾಲುದಾರನಿಗೆ ಮಾತ್ರ. ನನ್ನ ಅತ್ತೆಯಂದಿರು ‘ನಿನಗೇ ಇರಲಿ, ದುಡಿದವನು ನೀನು’ ಎಂದರು. ಆದರೆ ಚಿಕ್ಕಪ್ಪನ ಆ ತೋಟದಲ್ಲಿ ನಾನು ಪಾಲುದಾರನೇ ಅಲ್ಲ, ಬಿಡುಗಡೆ ಪತ್ರ ನಡೆಯುವುದಿಲ್ಲ. ದಾನಪತ್ರವೇ ಆಗಬೇಕು. ಮಗ, ಮಗಳು, ಅಣ್ಣತಮ್ಮ, ಮೊಮ್ಮಕ್ಕಳಿಗೆ ದಾನ ಕೊಟ್ಟರೆ ಮುದ್ರಾಂಕ ಶುಲ್ಕದಲ್ಲಿ ದೊಡ್ಡ ರಿಯಾಯಿತಿ ಇದೆ. ಅಣ್ಣನ ಮಗ ಆ ಪಟ್ಟಿಯಲ್ಲಿಲ್ಲ. ಆ ವರ್ಷದ ಮೆಣಸಿನ ದುಡ್ಡು ಹೆಚ್ಚುಕಡಿಮೆ ಅದಕ್ಕೇ ಹೋಯಿತು. ಚಿಕ್ಕಪ್ಪ ಒಂದು ಹಾಳೆ ವಿಲ್ ಬರೆದು ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿದ್ದರೆ ಆ ಖರ್ಚು ಇರುತ್ತಿರಲಿಲ್ಲ.

ವಾರಸುದಾರರಲ್ಲಿ ಅಪ್ರಾಪ್ತ ಮಕ್ಕಳಿದ್ದರೆ, ಅವರಿಗೆ ಬಂದ ಪಾಲನ್ನು ಕೋರ್ಟಿನ ಅನುಮತಿ ಇಲ್ಲದೆ ತಾಯಿಯೂ ಮಾರುವಂತಿಲ್ಲ. ಮಾರಿದರೆ ಮಗು ದೊಡ್ಡದಾದ ಮೇಲೆ ಆ ಮಾರಾಟವನ್ನು ಪ್ರಶ್ನಿಸಬಹುದು. ಹೊರದೇಶದಲ್ಲಿರುವವರು ಅಲ್ಲೇ ರಾಯಭಾರ ಕಚೇರಿಯಲ್ಲಿ ಪವರ್ ಆಫ್ ಅಟಾರ್ನಿ ದೃಢೀಕರಿಸಿ ಕಳಿಸಲಿ. ಅದು ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಈ ಗಡುವನ್ನು ಜನ ಮರೆಯುತ್ತಾರೆ.

ಬ್ಯಾಂಕು, ವಿಮೆ, ಸಾಲ

ನಾಮಿನಿ ಇದ್ದರೆ ಹಣ ಬೇಗ ಸಿಗುತ್ತದೆ. ಆದರೆ ಬ್ಯಾಂಕ್ ಠೇವಣಿಯ ನಾಮಿನಿ ಮಾಲೀಕ ಅಲ್ಲ, ವಾರಸುದಾರರ ಪರವಾಗಿ ಹಣ ಪಡೆಯುವವನು ಅಷ್ಟೇ. ನಾಮಿನಿ ಇಲ್ಲದಿದ್ದರೆ ಸಣ್ಣ ಮೊತ್ತಕ್ಕೆ ವಂಶವೃಕ್ಷ ಮತ್ತು ಜವಾಬ್ದಾರಿ ಪತ್ರ ಸಾಕಾಗುತ್ತದೆ. ದೊಡ್ಡ ಮೊತ್ತಕ್ಕೆ, ಅಥವಾ ತಕರಾರಿದ್ದರೆ, ಸಿವಿಲ್ ಕೋರ್ಟಿನಿಂದ ಉತ್ತರಾಧಿಕಾರ ಪ್ರಮಾಣಪತ್ರ ತರಬೇಕು. ಅದು ಠೇವಣಿ, ಷೇರಿನಂಥವಕ್ಕೆ ಮಾತ್ರ, ಜಮೀನಿಗೆ ಬೇಕಾಗಿಲ್ಲ. ಯಾವ ಬ್ಯಾಂಕಿನಲ್ಲಿ ಏನಿದೆ ಗೊತ್ತಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಉದ್ಗಮ್ ಪೋರ್ಟಲ್‌ನಲ್ಲಿ ಹುಡುಕಿ, ಹಳೇ ಠೇವಣಿ ಸಿಕ್ಕರೂ ಸಿಗಬಹುದು.

ಸಹಕಾರ ಸಂಘದ ಬೆಳೆಸಾಲ ಆಸ್ತಿಯ ಜೊತೆಗೇ ಬರುತ್ತದೆ. ಸತ್ತವರ ಆಸ್ತಿಯಿಂದ ಸಿಕ್ಕಷ್ಟಕ್ಕೆ ಮಾತ್ರ ನಿಮ್ಮ ಹೊಣೆ, ನಿಮ್ಮ ಸ್ವಂತ ಜೇಬಿನಿಂದ ಅಲ್ಲ. ಪಹಣಿಯಲ್ಲಿ ಋಣದ ಕಾಲಂ ನೋಡಿಕೊಂಡೇ ಪಾಲಿಗೆ ಕೂರಿ. ವಾರಸಾಗಿ ಬಂದ ಆಸ್ತಿಗೆ ತೆರಿಗೆ ಇಲ್ಲ. ಎಸ್ಟೇಟ್ ಡ್ಯೂಟಿ 1985ರಲ್ಲೇ ರದ್ದಾಗಿದೆ.

ಗೋಡೆಯ ಮೇಲಿನ ಕೋವಿ

ಇದನ್ನು ಯಾರೂ ಹೇಳುವುದಿಲ್ಲ, ಆದ್ದರಿಂದ ಬರೆಯುತ್ತೇನೆ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಇದೆಯಲ್ಲ, ಅದು ಆ ವ್ಯಕ್ತಿಗೆ ಇದ್ದದ್ದು, ಕೋವಿಗಲ್ಲ. ಅವರು ಹೋದ ಮೇಲೆ ಕೋವಿ ಸುಮ್ನೆ ಗೋಡೆಯಲ್ಲಿ ನೇತಾಡಬಾರದು. ಮರಣ ಪ್ರಮಾಣಪತ್ರ ಮತ್ತು ವಿನಾಯಿತಿ ಪತ್ರ ಹಿಡಿದು ಪೊಲೀಸ್ ಠಾಣೆಗೆ ತಿಳಿಸಿ, ಯಾರ ಹೆಸರಿಗೆ ಬೇಕೋ ಅವರು ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕಬೇಕು. ವಿನಾಯಿತಿ ಇಲ್ಲದ ವಾರಸುದಾರರು ಲೈಸೆನ್ಸ್ ಪಡೆಯಬೇಕು. ಚಿಕ್ಕಪ್ಪನ ಒಂಟಿನಳಿಗೆಯನ್ನು ಠಾಣೆಗೆ ಒಪ್ಪಿಸಿ ರಸೀದಿ ತಂದೆವು. ಆ ವರ್ಷದ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಪೂಜೆಯ ಜಾಗದಲ್ಲಿ ಕತ್ತಿಯ ಪಕ್ಕ ಆ ರಸೀದಿ ಇಟ್ಟು ಗಂಧ ಹಚ್ಚಿದವರು ದೊಡ್ಡ ಅತ್ತೆ.